ತಲಪಾಡಿಯಿಂದ ಹಂಪನಕಟ್ಟೆಗೆ: ಬೋರ್ಡುಗಳ ನಡುವೆ ಒಂದು ದಿನ

ನಮ್ಮ ಕಡೆಯವರಿಗೆ ಮಂಗಳೂರಿಗೆ ಹೋಗುವುದೆಂದರೆ ಪ್ರವಾಸವೇನಲ್ಲ, ಪೇಟೆಗೆ ಹೋಗಿ ಬರುವುದು. ಮದ್ದಿಗೆ ಮಂಗಳೂರು, ಮದುವೆಯ ಜವಳಿಗೆ ಮಂಗಳೂರು, ಮಕ್ಕಳ ಕಾಲೇಜಿಗೆ ಮಂಗಳೂರು, ಬಿಷಪರನ್ನು ಕಾಣಲೂ ಮಂಗಳೂರು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳ ರಾಜ್ಯಕ್ಕೆ ಸೇರಿದರೂ ಇಲ್ಲಿನ ನಮ್ಮ ಇಗರ್ಜಿಗಳು ಮಂಗಳೂರು ಧರ್ಮಪ್ರಾಂತ್ಯದಲ್ಲೇ ಉಳಿದವು. ರೇಷನ್ ಕಾರ್ಡು ತಿರುವನಂತಪುರದ್ದು, ಬಿಷಪರ ಪತ್ರ ಕೊಡಿಯಾಲಬೈಲಿನದ್ದು ಎಂದು ನಮ್ಮ ಹಿರಿಯ ಗುರಿಕಾರರೊಬ್ಬರು ನಗೆಯಾಡುವುದುಂಟು. ಹೀಗೆ ನೂರಾರು ಸಲ ಹೋಗಿ ಬಂದ ದಾರಿಯ ಬಗ್ಗೆ ಬರೆಯಲು ಏನಿದೆ ಎಂದು ನೀವು ಕೇಳಬಹುದು. ಕಳೆದ ನವೆಂಬರ್ ತಿಂಗಳ ಒಂದು ದಿನ ಅದೇ ದಾರಿಯಲ್ಲಿ ನಾವು ಹೋಗಿಬಂದದ್ದು ಮನಸ್ಸಿನಿಂದ ಹೋಗದಿರುವುದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಅಂದು ಬೆಳಗಿನ ಪೂಜೆ ಮುಗಿಸಿ ಹೊರಗೆ ಬರುವಾಗ ಒಬ್ಬ ತಾಯಿ ಗುರುನಿವಾಸದ ಮೆಟ್ಟಿಲ ಬಳಿ ಕಾಯುತ್ತಿದ್ದರು. ಬೀಡಿ ಕಟ್ಟಿ ಸಂಸಾರ ಸಾಗಿಸಿದವರು. ಗಂಡ ತೀರಿಹೋಗಿ ವರುಷಗಳಾದವು. ಒಬ್ಬನೇ ಮಗ ಮಂಗಳೂರಿನ ಜವಳಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಅವರ ಕೈಯಲ್ಲಿ ಒಂದು ಲಕೋಟೆಯಿತ್ತು. ಒಳಗೆ ಇಂಗ್ಲಿಷಿನಲ್ಲಿ ಎರಡು ಪುಟದ ನೋಟೀಸು. ಮಗ ಕಂತಿನಲ್ಲಿ ಮೊಬೈಲು ಕೊಂಡಿದ್ದಾನೆ, ಮೂರು ಕಂತು ಬಾಕಿಯಿದೆ, ಕಟ್ಟದಿದ್ದರೆ ಕಾನೂನು ಕ್ರಮ ಎಂದು ಅದರ ಸಾರ. ರಾತ್ರಿ ಒಂಬತ್ತು ಗಂಟೆಗೆ ಯಾರೋ ಫೋನು ಮಾಡಿ ಗದರಿಸುತ್ತಾರೆ ಎಂದೂ ಅವರು ಹೇಳಿದರು. "ಎರಡು ತಿಂಗಳಿಂದ ಮಗ ಮನೆಗೆ ಬಂದಿಲ್ಲ ಫಾದರ್. ಫೋನು ಮಾಡಿದರೆ ಎತ್ತುವುದಿಲ್ಲ. ಒಮ್ಮೆ ನನ್ನ ಜೊತೆ ಬರುತ್ತೀರಾ?" ಎಂದರು. ನಾವು ಹೊರಟೆವು.

ದಾರಿಯ ಎರಡು ಬದಿ

ಹೊಸಂಗಡಿಯಲ್ಲಿ ಬಸ್ಸು ಹತ್ತಿದೆವು. ಆರು ಪಥದ ಹೆದ್ದಾರಿಯಾದ ಮೇಲೆ ಬಸ್ಸಿನ ವೇಗ ಹೆಚ್ಚಿದೆ, ಬದಿಯ ಬೋರ್ಡುಗಳ ಗಾತ್ರವೂ ಹೆಚ್ಚಿದೆ. ವೇಗವಾಗಿ ಹೋಗುವವನ ಕಣ್ಣಿಗೆ ಬೀಳಬೇಕಾದರೆ ಅಕ್ಷರ ದೊಡ್ಡದಿರಬೇಕು, ಮಾತು ಚಿಕ್ಕದಿರಬೇಕು. ಮೈತುಂಬ ಚಿನ್ನ ಹೇರಿಕೊಂಡ ಮದುಮಗಳು, ಅವಳ ಪಕ್ಕದಲ್ಲಿ ರೇಷ್ಮೆ ಸೀರೆಯ ಇನ್ನೊಬ್ಬ ಮದುಮಗಳು, ಅನಂತರ ಸಮುದ್ರ ಕಾಣುವ ಫ್ಲಾಟು, ಅನಂತರ ಚಿನ್ನ ಅಡವಿಟ್ಟರೆ ನಿಮಿಷದಲ್ಲಿ ಸಾಲ. ಮೊದಲನೆಯ ಬೋರ್ಡು ಚಿನ್ನ ಕೊಳ್ಳಲು ಹೇಳುತ್ತದೆ, ನಾಲ್ಕನೆಯದು ಅದನ್ನೇ ಅಡವಿಡಲು ಹೇಳುತ್ತದೆ. ನಮ್ಮ ಊರಿನ ಎಷ್ಟೋ ಮನೆಗಳ ಕಥೆ ಆ ನಾಲ್ಕು ಬೋರ್ಡುಗಳ ನಡುವಿನ ಅರ್ಧ ಮೈಲಿನಲ್ಲೇ ಮುಗಿದುಹೋಗುತ್ತದೆ.

ಇನ್ನೊಂದು ಸಂಗತಿಯನ್ನೂ ಗಮನಿಸಿದೆವು. ನಮ್ಮ ಕಡೆಯ ಕನ್ನಡಿಗರಿಗೆ ಪಂಚಾಯತು, ವಿಲೇಜ್ ಆಫೀಸುಗಳಲ್ಲಿ ಕನ್ನಡದ ಒಂದು ಅರ್ಜಿ ನಮೂನೆ ಸಿಗಬೇಕಾದರೆ ಎಷ್ಟು ಸಲ ಕೇಳಬೇಕು ಎಂಬುದು ಓದುಗರಿಗೆ ಗೊತ್ತಿರುವುದೇ. ಆದರೆ ವ್ಯಾಪಾರಿಯ ಬೋರ್ಡಿನಲ್ಲಿ ಮಲಯಾಳದ ಕೆಳಗೆ ಕನ್ನಡ ತಪ್ಪದೆ ಇರುತ್ತದೆ. ಕೆಲವೊಮ್ಮೆ ತಪ್ಪು ಕನ್ನಡ, ಆದರೂ ಕನ್ನಡ. ನಾವು ಯಾವ ಭಾಷೆಯಲ್ಲಿ ಆಸೆಪಡುತ್ತೇವೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿದೆ. ಇದನ್ನು ಕಂಡು ನಾವು ಹಿಂದೆ ಸಂತೋಷಪಟ್ಟದ್ದೂ ಇದೆ. ಅಂದು ಮಾತ್ರ ಆ ತಾಯಿಯ ಮಡಿಲಲ್ಲಿದ್ದ ಇಂಗ್ಲಿಷ್ ನೋಟೀಸನ್ನು ನೋಡಿ ಬೇರೆಯೇ ಯೋಚನೆ ಬಂತು. ಆಸೆ ಹುಟ್ಟಿಸುವಾಗ ಕನ್ನಡ, ಸಹಿ ಹಾಕಿಸುವಾಗ ಇಂಗ್ಲಿಷ್.

ತಲಪಾಡಿ ಹತ್ತಿರವಾದಂತೆ ಆಸ್ಪತ್ರೆಗಳ ಬೋರ್ಡುಗಳು ಹೆಚ್ಚುತ್ತವೆ. ಬಿಳಿ ಕೋಟಿನ ವೈದ್ಯರು ಕೈಕಟ್ಟಿ ನಗುತ್ತ ನಿಂತಿರುತ್ತಾರೆ. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಕಾರಣದಿಂದ ಇದೇ ಗಡಿಯನ್ನು ಮುಚ್ಚಿದಾಗ, ಅಡ್ಡದಾರಿಗಳಿಗೆ ಮಣ್ಣು ಸುರಿದಾಗ, ಮಂಗಳೂರಿನ ಆಸ್ಪತ್ರೆ ಸೇರಲಾಗದೆ ನಮ್ಮ ಜಿಲ್ಲೆಯ ರೋಗಿಗಳು ತೀರಿಕೊಂಡರು. ಆಗಲೂ ಆ ಬೋರ್ಡುಗಳು ಹಾಗೆಯೇ ನಗುತ್ತ ನಿಂತಿದ್ದವು. ಬೋರ್ಡನ್ನು ದೂರುವುದು ನ್ಯಾಯವಲ್ಲ, ರಸ್ತೆ ಮುಚ್ಚಿದ್ದು ಅದಲ್ಲ. ಆದರೆ ಗಿರಾಕಿಯನ್ನು ಕರೆಯುವ ದನಿಗೂ ನೆರೆಯವನನ್ನು ಕರೆಯುವ ದನಿಗೂ ಎಷ್ಟು ವ್ಯತ್ಯಾಸವಿದೆ ಎಂದು ಆ ದಿನಗಳಲ್ಲಿ ನಾವೆಲ್ಲರೂ ಕಲಿತೆವು.

ತೊಕ್ಕೊಟ್ಟು ದಾಟಿ ನೇತ್ರಾವತಿ ಸೇತುವೆಯ ಮೇಲೆ ಬಂದಾಗ ತಾಯಿ ಶಿಲುಬೆಯ ಗುರುತು ಮಾಡಿಕೊಂಡರು. ಹೊಳೆಯ ಎರಡೂ ದಡಗಳಲ್ಲಿ ಹಂಚಿನ ಕಾರ್ಖಾನೆಗಳ ಚಿಮಣಿಗಳಿದ್ದ ಕಾಲವೊಂದಿತ್ತು. ಬಾಸೆಲ್ ಮಿಶನಿನವರು 1865ರಲ್ಲಿ ಮಂಗಳೂರಿನಲ್ಲಿ ಮೊದಲ ಹಂಚಿನ ಕಾರ್ಖಾನೆ ತೆರೆದರು. ನಮ್ಮ ಗುರುನಿವಾಸದ ಅಟ್ಟದಲ್ಲಿ ಹಳೆಯ ಹಂಚುಗಳು ಇನ್ನೂ ಇವೆ. ಮಗುಚಿ ನೋಡಿದರೆ ಮಾಡಿದವರ ಹೆಸರು, ಊರು ಅಚ್ಚೊತ್ತಿರುತ್ತದೆ. ಅದೂ ಒಂದು ಜಾಹೀರಾತೇ. ಆದರೆ ಮಾಡು ಹೊದಿಸಿದ ಮೇಲೆ ಆ ಹೆಸರು ಒಳಬದಿಗೆ ಹೋಗುತ್ತಿತ್ತು. ಮಳೆ ಸೋರದೆ ಇದ್ದರೆ ಅದೇ ಅದರ ಪ್ರಚಾರ.

ಪೇಟೆಯ ಬೀದಿಯಲ್ಲಿ

ಸ್ಟೇಟ್‌ಬ್ಯಾಂಕಿನಲ್ಲಿ ಇಳಿದು ಹಂಪನಕಟ್ಟೆಯ ಕಡೆಗೆ ನಡೆದೆವು. ಹಿಂದೆ ಕೆಡವಿದ್ದ ಗಡಿಯಾರ ಗೋಪುರವನ್ನು ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಮತ್ತೆ ಕಟ್ಟಿದ್ದಾರೆ. ನಾವು ಜೆಪ್ಪು ಸೆಮಿನರಿಯಲ್ಲಿ ಕಲಿಯುತ್ತಿದ್ದ ದಿನಗಳಲ್ಲಿ ರಜಾ ದಿನದಂದು ಈ ಬೀದಿಗಳಲ್ಲಿ ನಡೆದಾಡುವುದೇ ನಮಗೆ ಮನರಂಜನೆ. ಆಗ ಗೋಡೆಗಳ ಮೇಲೆ ಬಣ್ಣದಲ್ಲಿ ಬರೆದ ಜಾಹೀರಾತುಗಳಿರುತ್ತಿದ್ದವು. ಏಣಿ ಹತ್ತಿ ಕುಳಿತ ಪೇಂಟರು ಒಂದು ಅಕ್ಷರಕ್ಕೆ ಹತ್ತು ನಿಮಿಷ ತೆಗೆದುಕೊಳ್ಳುವುದನ್ನು ಕೆಳಗೆ ನಿಂತು ನೋಡುತ್ತಿದ್ದೆವು. ಬೀಡಿ, ಸಾಬೂನು, ಸಿಮೆಂಟು, ಗೊಬ್ಬರ, ಹೀಗೆ ಪಟ್ಟಿ ಚಿಕ್ಕದು. ಮಳೆಗಾಲ ಕಳೆಯುವಾಗ ಅರ್ಧ ಅಳಿಸಿಹೋಗುತ್ತಿತ್ತು. ಫ್ಲೆಕ್ಸ್ ಬಂದ ಮೇಲೆ ಆ ಪೇಂಟರುಗಳು ಎಲ್ಲಿ ಹೋದರೋ, ಯಾರೂ ವಿಚಾರಿಸಲಿಲ್ಲ.

ಈಗ ನಗರವೇ ಒಂದು ದೊಡ್ಡ ಪುಟವಾಗಿದೆ. ಬಸ್ಸಿನ ಬೆನ್ನು, ರಿಕ್ಷಾದ ಹುಡ್ಡು, ತಂಗುದಾಣದ ಮಾಡು, ಸಂಚಾರ ಪೊಲೀಸರ ಕೊಡೆ, ಎಲ್ಲವೂ ಏನನ್ನೋ ಹೇಳುತ್ತಿವೆ. ಹೇಳುವವರು ಹೆಚ್ಚಾದಂತೆ ಪ್ರತಿಯೊಬ್ಬರೂ ಇನ್ನಷ್ಟು ದೊಡ್ಡ ದನಿಯಲ್ಲಿ ಹೇಳಬೇಕಾಗಿದೆ. ಈ ಪೈಪೋಟಿಗೆ ಪ್ರಾಣಗಳೂ ಬಲಿಯಾಗಿವೆ. 2024ರ ಮೇ 13ರಂದು ಮುಂಬಯಿಯ ಘಾಟ್‌ಕೋಪರ್‌ನಲ್ಲಿ ಗಾಳಿಮಳೆಗೆ ಒಂದು ಜಾಹೀರಾತು ಫಲಕ ಪೆಟ್ರೋಲ್ ಬಂಕಿನ ಮೇಲೆ ಉರುಳಿ 17 ಮಂದಿ ಸತ್ತರು. 40 ಅಡಿಯ ಮಿತಿಯಿದ್ದಲ್ಲಿ ಅದನ್ನು 120 ಅಡಿ ಎತ್ತರ, 120 ಅಡಿ ಅಗಲಕ್ಕೆ ಕಟ್ಟಿದ್ದರು. ಬೆಂಗಳೂರಿನಲ್ಲಿ 2018ರ ಆಗಸ್ಟಿನಲ್ಲಿ ಹೈಕೋರ್ಟು ಗದರಿದ ಮೇಲೆ ಸಾವಿರಾರು ಫ್ಲೆಕ್ಸುಗಳನ್ನು ಕೆಲವೇ ದಿನಗಳಲ್ಲಿ ತೆಗೆದುಹಾಕಿದರು. ಬೋರ್ಡುಗಳ ಹಿಂದೆ ಇಷ್ಟು ಮರಗಳು, ಇಷ್ಟು ಆಕಾಶ ಇತ್ತೇ ಎಂದು ಆಗ ಬೆಂಗಳೂರಿನಲ್ಲಿದ್ದ ನಮ್ಮ ಮಿತ್ರರೊಬ್ಬರು ಫೋನಿನಲ್ಲಿ ಆಶ್ಚರ್ಯಪಟ್ಟಿದ್ದರು.

ಜಾಹೀರಾತು ಎಂಬ ಪದವೇ ನಮಗೆ ಪಾರಸಿ, ಅರಬ್ಬಿಯ ದಾರಿಯಿಂದ ಬಂದದ್ದು. ಬಯಲಿಗೆ ತರುವುದು, ಎಲ್ಲರಿಗೂ ಕಾಣುವಂತೆ ಮಾಡುವುದು ಎಂದು ಅದರ ಮೂಲಾರ್ಥ. ಆ ಅರ್ಥದಲ್ಲಿ ಜಾಹೀರಾತಿನಲ್ಲಿ ತಪ್ಪೇನೂ ಇಲ್ಲ. ನಮ್ಮ ಧರ್ಮಸಭೆಯ ಸಮೂಹ ಸಂಪರ್ಕ ಸಾಧನಗಳ ಪರಿಷತ್ತು 1997ರ ಫೆಬ್ರುವರಿ 22ರಂದು ಜಾಹೀರಾತಿನ ನೀತಿಯ ಕುರಿತು ಹೊರಡಿಸಿದ ದಾಖಲೆಯೂ ಜಾಹೀರಾತು ತನ್ನಷ್ಟಕ್ಕೆ ಕೆಟ್ಟದ್ದೆಂದು ಹೇಳಲಿಲ್ಲ. ಸತ್ಯ, ಮನುಷ್ಯನ ಘನತೆ, ಸಮಾಜದ ಹೊಣೆ ಎಂಬ ಮೂರು ಅಳತೆಗಳನ್ನು ಮಾತ್ರ ಮುಂದಿಟ್ಟಿತು. ಮಾರಾಟಗಾರ ತನ್ನ ಬಳಿ ಏನಿದೆ ಎಂದು ಬಯಲಿಗೆ ತರಲಿ. ಕಷ್ಟವೇನೆಂದರೆ, ಈಗ ಅವನು ತನ್ನ ಬಳಿ ಏನಿದೆ ಎಂದು ಹೇಳುವುದಕ್ಕಿಂತ ನಮ್ಮ ಬಳಿ ಏನಿಲ್ಲ ಎಂದು ಹೇಳುವುದೇ ಹೆಚ್ಚು.

ಗಾಜಿನ ಮನೆಯೊಳಗೆ

ಮಗ ಕೆಲಸ ಮಾಡುತ್ತಿದ್ದ ಅಂಗಡಿ ಒಂದು ಮಾಲಿನೊಳಗಿತ್ತು. ನವೆಂಬರ್ ತಿಂಗಳಾದರೂ ಒಳಗೆ ಆಗಲೇ ಕ್ರಿಸ್ಮಸ್ ಬಂದಿತ್ತು. ಎರಡು ಮಾಳಿಗೆ ಎತ್ತರದ ಮರ, ಹತ್ತಿಯ ಹಿಮ, ಕೆಂಪು ಟೊಪ್ಪಿಯ ಅಜ್ಜ. ಗೋದಲಿ ಮಾತ್ರ ಕಾಣಲಿಲ್ಲ. ಆಗಮನ ಕಾಲದ ಮೊದಲ ಮೊಂಬತ್ತಿಯನ್ನು ನಾವಿನ್ನೂ ಹೊತ್ತಿಸಿರಲಿಲ್ಲ.

ತಾಯಿಗೆ ಎಸ್ಕಲೇಟರ್ ಹತ್ತಲು ಭಯ. ಮೆಟ್ಟಿಲು ಹುಡುಕಿದೆವು, ಅದು ಮೂಲೆಯಲ್ಲೆಲ್ಲೋ ಅಡಗಿತ್ತು. ಹುಡುಕುತ್ತ ಅಲೆಯುವಾಗ ಆ ಕಟ್ಟಡದ ಜಾಣತನ ಅರ್ಥವಾಗತೊಡಗಿತು. ಕಿಟಕಿಯಿಲ್ಲ, ಗೋಡೆ ಗಡಿಯಾರವಿಲ್ಲ, ಹೊರಗೆ ಬಿಸಿಲೋ ಮಳೆಯೋ ತಿಳಿಯುವುದಿಲ್ಲ. ಒಂದು ಮಾಳಿಗೆ ಹತ್ತಿದರೆ ಮುಂದಿನದಕ್ಕೆ ಹೋಗಲು ಅಂಗಡಿಗಳ ಸಾಲನ್ನೆಲ್ಲ ಸುತ್ತಬೇಕು. ಊಟದ ಜಾಗ, ಸಿನೆಮಾ ಎಲ್ಲಕ್ಕಿಂತ ಮೇಲೆ, ಆದ್ದರಿಂದ ಹಸಿದವನೂ ಎಲ್ಲ ಅಂಗಡಿಗಳನ್ನು ದಾಟಿಯೇ ಹೋಗಬೇಕು. ದಿನಸಿ ಅಂಗಡಿಯಲ್ಲಿ ಹಾಲು ಹಿಂದಿನ ಮೂಲೆಯಲ್ಲಿ, ಚಾಕಲೇಟು ದುಡ್ಡು ಕೊಡುವ ಮೇಜಿನ ಬಳಿ, ಅದೂ ಮಗುವಿನ ಕಣ್ಣಿನ ಎತ್ತರದಲ್ಲಿ. ಪ್ರತಿಯೊಂದು ಬೆಲೆಯ ಕೊನೆಗೂ ಒಂಬತ್ತು. ಹೊರಗೆ ಹೊಸದಾಗಿ ಕಟ್ಟಿದ ಗಡಿಯಾರ ಗೋಪುರ, ಒಳಗೆ ಗಡಿಯಾರವೇ ಇಲ್ಲದ ಲೋಕ.

ಮಗ ನಮ್ಮನ್ನು ಕಂಡು ಬೆಚ್ಚಿದ. ಅವನಿಗೆ 23 ವರುಷ. ನಮ್ಮ ಇಗರ್ಜಿಯಲ್ಲಿ ಪೂಜೆಗೆ ಸಹಾಯ ಮಾಡುತ್ತಿದ್ದವನು. ಅಂಗಡಿಯ ಸಮವಸ್ತ್ರದಲ್ಲಿ, ಸೀರೆಗಳ ರಾಶಿಯ ಹಿಂದೆ ನಿಂತಿದ್ದ. ತಾಯಿ ಸಾಲದ ವಿಷಯ ಎತ್ತಲಿಲ್ಲ. ಸುತ್ತ ನೋಡಿ, "ಕುಳಿತುಕೊಳ್ಳಲು ನಿನಗೆ ಒಂದು ಸ್ಟೂಲಾದರೂ ಇಲ್ಲವೇ ಮಗಾ?" ಎಂದು ಕೇಳಿದರು. ಕೇರಳದಲ್ಲಿ ಜವಳಿ ಅಂಗಡಿಗಳ ಹೆಣ್ಣುಮಕ್ಕಳು ಹೋರಾಡಿದ್ದರಿಂದ 2018ರಲ್ಲಿ ಅಂಗಡಿಯ ಕೆಲಸಗಾರರಿಗೆ ಕುಳಿತುಕೊಳ್ಳುವ ಹಕ್ಕು ಕಾನೂನಿನಲ್ಲಿ ಬಂತು, 2021ರಲ್ಲಿ ತಮಿಳುನಾಡೂ ಅಂಥ ಕಾನೂನು ಮಾಡಿತು. ಕುಳಿತುಕೊಳ್ಳುವುದಕ್ಕೂ ಕಾನೂನು ಬೇಕಾಗುವಷ್ಟು ಹೊತ್ತು ಈ ಮಕ್ಕಳು ನಿಂತಿರುತ್ತಾರೆ. ಬೆಳಕಿನ ಕೆಳಗೆ ನಗುತ್ತಿರುವ ಬೊಂಬೆಯನ್ನು ನಾವೆಲ್ಲರೂ ನೋಡುತ್ತೇವೆ, ಅದರ ಪಕ್ಕದಲ್ಲಿ ನಿಂತವನ ಕಾಲನ್ನು ನೋಡಿದ್ದು ಅವನ ತಾಯಿ ಮಾತ್ರ.

ಊಟದ ಬಿಡುವಿನಲ್ಲಿ ಹೊರಗಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಲೆಕ್ಕ ಹಾಕಿದೆವು. ಮೊಬೈಲಿನ ಬೆಲೆ 23,999. ಕೈಯಲ್ಲಿ ದುಡ್ಡು ಕೊಟ್ಟಿದ್ದರೆ 22,500ಕ್ಕೆ ಸಿಗುತ್ತಿತ್ತು. ಕೊಟ್ಟಿಲ್ಲ, ಸೊನ್ನೆ ಬಡ್ಡಿಯ ಕಂತಿಗೆ ಹೋದ. ತಿಂಗಳಿಗೆ 2,000ದಂತೆ ಹನ್ನೆರಡು ಕಂತು, 24,000. ಕಾಗದಪತ್ರದ ಖರ್ಚು 700, ಕೇಳದೆ ಸೇರಿಸಿದ ವಿಮೆ 1,500. ಎಲ್ಲ ಸೇರಿ 26,200. ಸೊನ್ನೆ ಬಡ್ಡಿ ಎಂದರೆ 3,700 ರೂಪಾಯಿ! ಆರು ಕಂತು ಸರಿಯಾಗಿ ಕಟ್ಟಿದ್ದಾನೆ. ಮಳೆಗಾಲದಲ್ಲಿ ವ್ಯಾಪಾರ ಇಳಿದು ಸಂಬಳ ತಡವಾದಾಗ ತಪ್ಪಿತು. ಒಂದೊಂದು ತಪ್ಪಿದ ಕಂತಿಗೂ 500 ದಂಡ, ಬ್ಯಾಂಕಿನದ್ದು ಬೇರೆ. ಸೊನ್ನೆ ಬಡ್ಡಿ ಎಂಬುದೊಂದು ಇಲ್ಲವೇ ಇಲ್ಲ, ಬಡ್ಡಿಯನ್ನು ಬೇರೆ ಹೆಸರಿನಲ್ಲಿ ಮುಚ್ಚಿಡುತ್ತಾರೆ ಎಂಬ ಕಾರಣಕ್ಕೆ ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಹೆಸರು ಮಾತ್ರ ಅಂಗಡಿಗಳ ಬೋರ್ಡಿನಿಂದ ಇಳಿಯಲಿಲ್ಲ.

"ಇಷ್ಟು ದುಬಾರಿ ಮೊಬೈಲು ನಿನಗೇಕೆ ಬೇಕಿತ್ತು?" ಎಂದು ನಾವು ಸ್ವಲ್ಪ ಗಡುಸಾಗಿಯೇ ಕೇಳಿದೆವು. ಅವನು ತಲೆ ತಗ್ಗಿಸಿಯೇ ಹೇಳಿದ. ಹಳೆಯದರ ಗಾಜು ಒಡೆದಿತ್ತು. ಅಂಗಡಿಯಲ್ಲಿ ಎಲ್ಲರ ಬಳಿ ಒಳ್ಳೆಯದಿತ್ತು. ಜಾಹೀರಾತಿನಲ್ಲಿ ದೂರದ ಊರಲ್ಲಿರುವ ಹುಡುಗನೊಬ್ಬ ರಾತ್ರಿ ತನ್ನ ತಾಯಿಯ ಮುಖ ನೋಡಿ ಮಾತನಾಡುತ್ತಿದ್ದ. ಅದು ತನಗೆ ಇಷ್ಟವಾಯಿತು ಎಂದ. ಆ ಮೊಬೈಲು ಕೊಂಡ ಮೇಲೆಯೇ, ಸಾಲದ ನಾಚಿಕೆಯಿಂದ, ಅವನು ತಾಯಿಗೆ ಫೋನು ಮಾಡುವುದನ್ನು ಬಿಟ್ಟದ್ದು. ಇದನ್ನು ಅವನು ಹೇಳಲಿಲ್ಲ, ಮೂವರಿಗೂ ತಿಳಿದಿತ್ತು.

ನಾವು ಉಪದೇಶಕ್ಕೆ ತೊಡಗಿದೆವು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು, ಕಂಡದ್ದನ್ನೆಲ್ಲ ನಂಬಬಾರದು, ಇತ್ಯಾದಿ. ಅವನು ಪೂರ್ತಿ ಕೇಳಿಸಿಕೊಂಡು, ಮೆಲ್ಲಗೆ ಹೇಳಿದ: "ಫಾದರ್, ನಾನು ಮೊಬೈಲು ತೆಗೆದುಕೊಂಡ ಅಂಗಡಿಯ ಹೆಸರು ನಮ್ಮ ಸಾಂತ್‌ಮಾರಿಯ ಕಮಾನಿನಲ್ಲಿತ್ತಲ್ಲ. ಪೂಜೆ ಮುಗಿದ ಮೇಲೆ ನೀವೇ ಮೈಕಿನಲ್ಲಿ ಅವರಿಗೆ ವಂದನೆ ಹೇಳಿದ್ದಿರಿ. ನಮ್ಮ ಫಾದರು ಹೇಳಿದ ಅಂಗಡಿ, ಮೋಸ ಇರಲಿಕ್ಕಿಲ್ಲ ಎಂದು ಅಲ್ಲಿಗೇ ಹೋದೆ."

ನಮ್ಮ ಬಳಿ ಉತ್ತರವಿರಲಿಲ್ಲ. ಚಹಾ ಆರಿಹೋಯಿತು.

ಗುಡ್ಡದ ಮೇಲಿನ ಚಿತ್ರಗಳು

ಮಧ್ಯಾಹ್ನ ಮಗನನ್ನೂ ಕರೆದುಕೊಂಡು ಸಾಲದ ಕಂಪೆನಿಯ ಕಚೇರಿಗೆ ಹೋದೆವು. ಮೇಜಿನ ಹಿಂದಿದ್ದವನೂ ಇವನದೇ ವಯಸ್ಸಿನ ಹುಡುಗ, ಅವನ ಅಂಗಿಯ ಕಾಲರೂ ಹರಿದಿತ್ತು. ಜಗಳವಾಡಲು ಮನಸ್ಸಾಗಲಿಲ್ಲ. ಬಾಕಿ ಮೂರು ಕಂತನ್ನು ಒಟ್ಟಿಗೆ ಕಟ್ಟಿದರೆ ದಂಡದಲ್ಲಿ ಸ್ವಲ್ಪ ಬಿಡುವುದಾಗಿ ಒಪ್ಪಿಕೊಂಡರು. ಹದಿನೈದು ದಿನದ ಸಮಯ ಸಿಕ್ಕಿತು.

ಬಸ್ಸಿಗೆ ಇನ್ನೂ ಹೊತ್ತಿತ್ತು. ತಾಯಿ ಎಲ್ಲಿಯಾದರೂ ಸ್ವಲ್ಪ ಕುಳಿತುಕೊಳ್ಳೋಣ ಎಂದರು. ಪೇಟೆಯಲ್ಲಿ ದುಡ್ಡು ಕೊಡದೆ ಕುಳಿತುಕೊಳ್ಳುವ ಜಾಗ ಎಲ್ಲಿದೆ? ಲೈಟ್‌ಹೌಸ್ ಗುಡ್ಡ ಹತ್ತಿ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲಿಗೆ ಹೋದೆವು. ಗೋಡೆ, ಚಾವಣಿ, ಕಂಬಗಳ ಮೇಲೆಲ್ಲ ಚಿತ್ರಗಳು. ಇಟಲಿಯಿಂದ ಬಂದ ಯೇಸುಸಭೆಯ ಬ್ರದರ್ ಅಂತೋನಿಯೊ ಮೊಸ್ಕೇನಿಯವರು 1899ರಿಂದ 1901ರವರೆಗೆ ಬಿಡಿಸಿದವು. ಚಾವಣಿಯಲ್ಲಿ ಸಂತ ಅಲೋಶಿಯಸ್ ಗೊನ್ಜಾಗರ ಜೀವನದ ದೃಶ್ಯಗಳಿವೆ. ಅರಸು ಮನೆತನದ ಹಿರಿಮಗ ಅವರು, ಬರಬೇಕಾದ ಆಸ್ತಿಯನ್ನು ತಮ್ಮನಿಗೆ ಬಿಟ್ಟುಕೊಟ್ಟರು. ರೋಮಿನಲ್ಲಿ ಪ್ಲೇಗು ಹಿಡಿದವರ ಸೇವೆ ಮಾಡುತ್ತ ಅದೇ ಕಾಯಿಲೆಗೆ ತುತ್ತಾಗಿ 1591ರಲ್ಲಿ ತೀರಿಕೊಂಡಾಗ ಅವರಿಗೆ 23 ವರುಷ. ನಮ್ಮ ಪಕ್ಕದಲ್ಲಿ ಕುಳಿತಿದ್ದ ಹುಡುಗನಿಗೂ ಅಷ್ಟೇ. ಇದನ್ನು ಅವನಿಗೆ ಹೇಳಬೇಕೆಂದು ಬಾಯಿಗೆ ಬಂತು, ಆದರೆ ಒಂದು ದಿನಕ್ಕೆ ಒಂದು ಉಪದೇಶ ಸಾಕೆಂದು ಸುಮ್ಮನಾದೆವು.

ಸುಮ್ಮನೆ ಕುಳಿತಾಗ ಇನ್ನೊಂದು ಯೋಚನೆ ಕಾಡಿತು. ಇವೂ ಗೋಡೆಯ ಮೇಲಿನ ಚಿತ್ರಗಳೇ. ನೋಡುವವರ ಮನಸ್ಸನ್ನು ಒಲಿಸಿಕೊಳ್ಳಲೆಂದೇ ಬಿಡಿಸಿದವು. ಲೋಕವೆಲ್ಲ ಬಳಸುವ ಪ್ರೊಪಗಾಂಡ ಎಂಬ ಪದ ಹುಟ್ಟಿದ್ದೂ ನಮ್ಮ ಮನೆಯಲ್ಲಿ. 1622ರಲ್ಲಿ 15ನೆಯ ಗ್ರೆಗರಿ ಪೋಪರು ವಿಶ್ವಾಸ ಪ್ರಸಾರಕ್ಕಾಗಿ ಸ್ಥಾಪಿಸಿದ ಮಂಡಳಿಯ ಲ್ಯಾಟಿನ್ ಹೆಸರಿನಿಂದ ಅದು ಬಂತು. ಹಾಗಿದ್ದರೆ ಕೆಳಗಿನ ಬೀದಿಯ ಚಿತ್ರಗಳಿಗೂ ಮೇಲಿನ ಈ ಚಿತ್ರಗಳಿಗೂ ವ್ಯತ್ಯಾಸವೇನು? ನಮಗೆ ತೋಚಿದ್ದನ್ನು ಹೇಳುತ್ತೇವೆ. ಕೆಳಗಿನ ಚಿತ್ರ, ನಿನಗೆ ಇದು ಇಲ್ಲ, ಆದ್ದರಿಂದ ನೀನು ಕಡಿಮೆ ಎಂದು ಹೇಳಿ ನಮ್ಮನ್ನು ಎಬ್ಬಿಸಿ ಓಡಿಸುತ್ತದೆ. ಮೇಲಿನದು ಕುಳಿತುಕೊಳ್ಳಲು ಬಿಡುತ್ತದೆ. ನೋಡಿದವನು ಏನನ್ನೂ ಕೊಳ್ಳದೆ ಎದ್ದು ಹೋದರೂ ಅದಕ್ಕೆ ನಷ್ಟವಿಲ್ಲ. ಆದರೆ ಈ ಎರಡು ಬಗೆಯ ಚಿತ್ರಗಳನ್ನು ಒಂದೇ ಕಮಾನಿನಲ್ಲಿ ಕಟ್ಟಿದರೆ ನೋಡುವ ಹುಡುಗನಿಗೆ ವ್ಯತ್ಯಾಸ ತಿಳಿಯುವುದು ಹೇಗೆ? ಅದನ್ನು ಕಟ್ಟಿದವರು ನಾವೇ.

ಹಿಂದಿರುಗಿದಾಗ

ಕತ್ತಲಾಗುವ ಹೊತ್ತಿಗೆ ಊರು ತಲುಪಿದೆವು. ಇಗರ್ಜಿಯ ಗೇಟಿನ ಬಳಿ ಯುವಜನರು ಜನವರಿಯ ಸಾಂತ್‌ಮಾರಿಯ ಹೊಸ ಬೋರ್ಡು ಕಟ್ಟುತ್ತಿದ್ದರು. ಕೇರಳದಲ್ಲಿ 2019ರಲ್ಲಿ ಪಿ.ವಿ.ಸಿ. ಫ್ಲೆಕ್ಸ್ ನಿಷೇಧವಾದ ಮೇಲೆ ಬಟ್ಟೆಯಲ್ಲಿ ಮುದ್ರಿಸುತ್ತಾರೆ, ಬಾಯಲ್ಲಿ ಮಾತ್ರ ಅದು ಇನ್ನೂ ಫ್ಲೆಕ್ಸೇ. ಬಲಬದಿಯಲ್ಲಿ ಪಾಲಕ ಸಂತರು, ಎಡಬದಿಯಲ್ಲಿ ಅವರಷ್ಟೇ ಎತ್ತರಕ್ಕೆ ಕೈಮುಗಿದು ನಗುತ್ತಿರುವ ನಾವು! ಕೆಳಗೆ ಎರಡು ಸಾಲಿನಲ್ಲಿ ಅಂಗಡಿಗಳ ಹೆಸರು. ಆ ತಾಯಿ ಬೋರ್ಡು ನೋಡಿ, "ಫೋಟೋ ಚೆನ್ನಾಗಿ ಬಂದಿದೆ ಫಾದರ್" ಎಂದರು. ವ್ಯಂಗ್ಯ ಅವರಿಗೆ ತಿಳಿಯದು. ಮನಸ್ಸಿನಿಂದಲೇ ಹೇಳಿದ್ದರು.

ಮುಂದಿನ ವಾರ ಪಾಲನಾ ಪರಿಷತ್ತಿನ ಸಭೆಯಲ್ಲಿ ವಿಷಯ ಎತ್ತಿದೆವು. ಹುಡುಗನ ಹೆಸರು ಹೇಳಲಿಲ್ಲ. ಚರ್ಚೆ ಬಿಸಿಯಾಯಿತು. ಖಜಾಂಚಿಯವರು ಪ್ರಾಮಾಣಿಕವಾಗಿ ಕೇಳಿದರು: "ಕಳೆದ ವರುಷ ಆ ಹೆಸರುಗಳಿಂದ ಬಂದ ದುಡ್ಡಿನಲ್ಲೇ ಬಡಮಕ್ಕಳಿಗೆ ಪುಸ್ತಕ ಕೊಟ್ಟೆವು, ಒಂದು ಮನೆಯ ಮಾಡು ರಿಪೇರಿ ಮಾಡಿದೆವು. ಇನ್ನು ಅದಕ್ಕೆ ಏನು ಮಾಡುವುದು?" ಅದು ಸುಳ್ಳಲ್ಲ. ಸಭೆಯಲ್ಲಿ ಮೂರು ವಿಷಯಗಳಷ್ಟೇ ತೀರ್ಮಾನವಾದವು. ಗುರುಗಳ ಫೋಟೋ ಯಾವ ಬೋರ್ಡಿನಲ್ಲೂ ಬೇಡ. ಕಂತು, ಸಾಲ, ಚಿನ್ನದ ಅಡವಿನ ಜಾಹೀರಾತನ್ನು ಇಗರ್ಜಿಯ ಅಂಗಳದಲ್ಲಿ ಹಾಕುವುದಿಲ್ಲ. ದಾನ ಕೊಟ್ಟವರಿಗೆ ಪತ್ರ ಬರೆದು ವಂದಿಸುವುದು, ಬಲಿಪೀಠದ ಮೈಕಿನಲ್ಲಿ ಅಲ್ಲ. ಹಬ್ಬದ ಕಮಾನನ್ನು ಕ್ರೈಸ್ತಶಿಕ್ಷಣದ ಮಕ್ಕಳೇ ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆದರು. ಒಂದು ಒತ್ತಕ್ಷರ ತಪ್ಪಿತ್ತು, ಯಾರೂ ತಿದ್ದಲಿಲ್ಲ. ಮಕ್ಕಳ ಪುಸ್ತಕದ ನಿಧಿಗೆ ಮನೆಮನೆಯಿಂದ ಬಂದದ್ದು ಹಿಂದಿನ ವರುಷದ ಮುಕ್ಕಾಲು ಪಾಲು ಮಾತ್ರ. ಉಳಿದ ಪಾಲಿಗೆ ಇನ್ನೂ ದಾರಿ ಹುಡುಕುತ್ತಿದ್ದೇವೆ.

ಹುಡುಗನ ಬಾಕಿಗೆ ಸಂತ ವಿನ್ಸೆಂಟ್ ಪಾವ್ಲ್ ಸಭೆಯವರು ಬಡ್ಡಿಯಿಲ್ಲದೆ ಹಣ ಕೊಟ್ಟರು. ನಿಜವಾದ ಸೊನ್ನೆ ಬಡ್ಡಿ ಎಂದರೆ ಇದು! ತಿಂಗಳಿಗೆ ಸಾವಿರದಂತೆ ಹಿಂತಿರುಗಿಸುತ್ತಿದ್ದಾನೆ. ಕ್ರಿಸ್ಮಸ್ ರಾತ್ರಿ ಊರಿಗೆ ಬಂದಿದ್ದ, ಪೂಜೆಗೆ ಸಹಾಯವನ್ನೂ ಮಾಡಿದ.

ಪ್ರಿಯ ಓದುಗರೇ, ಪೇಟೆಗೆ ಹೋಗಬೇಡಿ ಎಂದು ನಾವು ಹೇಳುವುದಿಲ್ಲ. ನಮಗೂ ಹೋಗದೆ ಆಗುವುದಿಲ್ಲ. ಆದರೆ ಕೆಲವು ಸಂಗತಿಗಳನ್ನು ಮನೆಮಂದಿಯೆಲ್ಲ ತಿಳಿದುಕೊಳ್ಳುವುದು ಒಳ್ಳೆಯದು. 2024ರ ಅಕ್ಟೋಬರ್ 1ರಿಂದ ಇಂಥ ಸಾಲ ಕೊಡುವವರು, ಒಟ್ಟು ಖರ್ಚು ಎಷ್ಟು ಎಂಬ ವಿವರದ ಪತ್ರವನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಕನ್ನಡದಲ್ಲಿ ಕೊಡಿ ಎಂದು ಕೇಳಿ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನು ಮಾಡುವಂತಿಲ್ಲ. 2022ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಜಾಹೀರಾತಿನ ಷರತ್ತುಗಳು ಅದರ ಆಶ್ವಾಸನೆಯ ಭಾಷೆಯಲ್ಲೇ ಇರಬೇಕು. ದೂರಿದ್ದರೆ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಇವನ್ನು ಆ ತಾಯಿಗೆ ಮೊದಲೇ ಹೇಳಬೇಕಾಗಿದ್ದವರು ನಾವು. ಮೈಕಿನಲ್ಲಿ ಬೇರೆಯದನ್ನು ಹೇಳುತ್ತಿದ್ದೆವು.

ಇನ್ನು, ಏನನ್ನಾದರೂ ಕೊಳ್ಳುವ ಮೊದಲು ನಮ್ಮನ್ನು ನಾವೇ ಕೇಳಿಕೊಳ್ಳಬಹುದಾದ ನಾಲ್ಕು ಪ್ರಶ್ನೆಗಳಿವೆ. ಇದು ಬೇಕೆಂದು ನಮಗೆ ಯಾವಾಗ ಅನ್ನಿಸಿತು, ಬೋರ್ಡು ನೋಡುವ ಮೊದಲೋ ನೋಡಿದ ಮೇಲೋ? ಎಲ್ಲ ಸೇರಿ ಎಷ್ಟಾಗುತ್ತದೆ? ಸಹಿ ಹಾಕುವ ಕಾಗದ ನಮಗೆ ಓದಲು ಬರುತ್ತದೆಯೇ? ಮನೆಯವರಿಗೆ ಹೇಳಲು ನಾಚಿಕೆಯಾಗುತ್ತದೆಯೇ? ಈ ಸಂಚಿಕೆಯ ಕೊನೆಯ ಪುಟದಲ್ಲೂ ಒಂದು ಜಾಹೀರಾತು ಇರಬಹುದು, ಕಾಗದದ ಬೆಲೆ ಏರಿರುವಾಗ ಪತ್ರಿಕೆ ನಡೆಸುವವರಿಗೆ ಅದು ಬೇಕಾಗುತ್ತದೆ. ಅದನ್ನೂ ಈ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಂಡೇ ಓದಿರಿ.